ಹಸಿದ ವೈದ್ಯರು

ಅಂತಾಲ್ಯದ ಹಳೆಪೇಟೆಯಲ್ಲಿ ಚರ್ಮದ ಚೀಲದಂಗಡಿಗೂ
ಐಸ್‌ಕ್ರೀಮಿನ ಗಾಡಿಗೂ ನಡುವೆ ನನ್ನ ಗಾಜಿನ ತೊಟ್ಟಿ.
ಕಾಲು ಗಂಟೆಗೆ ಇಷ್ಟು, ಅರ್ಧ ಗಂಟೆಗೆ ಇಷ್ಟು,
ಕಾಲು ತೊಳೆದು ಬನ್ನಿ.
ಹಲಗೆಯ ಮೇಲೆ ಇಷ್ಟೇ.
ಮಿಕ್ಕದ್ದು ನನ್ನ ಬಾಯಲ್ಲಿ.

ಪಾದ ಇಳಿಸಿದ ಕೂಡಲೇ ಕಿರುಚುತ್ತಾರೆ.
ಬೆರಳುದ್ದದ ಬೂದು ಮೀನು. ಹಲ್ಲಿಲ್ಲ, ಬರೀ ತುಟಿ.
ಹಿಮ್ಮಡಿಯ ಬಿರುಕಿಗೆ ಮುತ್ತಿ
ಪಾತ್ರೆಯ ತಳದ ಸೀಕು ಕೆರೆದಂತೆ
ಸತ್ತ ಚರ್ಮ ಕೆರೆಯುತ್ತವೆ.
ಎದ್ದಾಗ ಕಾಲು ಮೆತ್ತಗೆ. ಅದು ಸುಳ್ಳಲ್ಲ.
ಜರ್ಮನಿಯ ಮುದುಕಿಯೊಬ್ಬಳು ಚಪ್ಪಲಿ ಕೈಲಿ ಹಿಡಿದು
ಕಲ್ಲುಹಾಸಿನ ಮೇಲೆ ಬರಿಗಾಲಲ್ಲೇ ಹೋದಳು,
ಹುಡುಗಿಯ ಹಾಗೆ.

ಈ ಮೀನಿನ ಕುಲ ನಮ್ಮ ಕಡೆಯದು. ಸಿವಾಸ್ ಆಚೆ, ಕಾಂಗಾಲ್.
ಬೋಳುಗುಡ್ಡಗಳ ನಡುವೆ ಬಿಸಿನೀರಿನ ಊಟೆ.
ಅಮ್ಮ ನಜ್ಮಿಯೆಗೆ ಮೊಣಕೈಯಲ್ಲಿ, ನೆತ್ತಿಯ ಅಂಚಲ್ಲಿ
ಬೆಳ್ಳಿಯಂಥ ಪೊರೆ ಏಳುತ್ತಿತ್ತು.
ಆ ರೋಗಕ್ಕೆ ನಾವು ಸೆದೆಫ್ ಅನ್ನುತ್ತೇವೆ,
ಮುತ್ತಿನ ಚಿಪ್ಪಿನ ಒಳಮೈ.
‘ಇಷ್ಟು ಚೆಂದದ ಹೆಸರಿಟ್ಟವನಿಗೆ
ತುರಿಕೆ ಇದ್ದಿರಲಾರದು’ ಅನ್ನುತ್ತಿದ್ದಳು.

ಇಪ್ಪತ್ತೊಂದು ದಿನ ಹೆಂಗಸರ ಕೊಳದಲ್ಲಿ
ಕತ್ತಿನವರೆಗೆ ಮುಳುಗಿ ಕೂತಳು.
ಬಸ್ಸಿನಲ್ಲಿ ಯಾರೂ ಪಕ್ಕ ಕೂರದ ಆ ಮೈಗೆ
ನೂರು ಬಾಯಿ ಹೇಸದೆ ಮುತ್ತಿಕ್ಕಿದವು.
ಹದಿನೆಂಟನೆಯ ದಿನ ಅರೆತೋಳಿನ ಅಂಗಿ ತೊಟ್ಟಳು.
ಡಿಸೆಂಬರಿಗೆ ಚಿಪ್ಪು ಮರಳಿ ಬಂತು.
‘ನೆಂಟರಿಷ್ಟರ ಹಾಗೆ ಇದೂ, ಹೋಗಿ ಬರುತ್ತೆ’ ಅಂದು
ಮುಂದಿನ ಬೇಸಿಗೆಗೆ ದುಡ್ಡು ಕೂಡಿಡತೊಡಗಿದಳು.

ಕೊಳದ ಕಾವಲುಗಾರ ದುರ್ಸುನ್ ಅಂದೇ ಹೇಳಿದ್ದ:
‘ವೈದ್ಯ ಮೀನು ಅಂತೀರಿ. ಈ ಬಿಸಿಯಲ್ಲಿ
ಪಾಚಿಯೂ ನೆಟ್ಟಗೆ ಬೆಳೆಯದು.
ಹಸಿವು ಮಗಾ, ಹಸಿವು.
ಹೊಟ್ಟೆ ತುಂಬಿದ ಮೀನು
ನಿನ್ನಮ್ಮನನ್ನು ತಿರುಗಿಯೂ ನೋಡದು.’

ಆ ಮಾತಿನ ಮೇಲೇ ನನ್ನ ವ್ಯಾಪಾರ ನಿಂತಿದೆ.
ಬೆಳಿಗ್ಗೆ ತೊಟ್ಟಿಗೆ ಕಾಳು ಹಾಕುವುದಿಲ್ಲ.
ರಾತ್ರಿ ಒಂದು ಚಿಟಿಕೆ, ಎಣಿಸಿದ ಹಾಗೆ.

ಅಲ್ಲಿ ನೀರು ಹರಿಯುತ್ತದೆ. ಇಲ್ಲಿ ಸುತ್ತುತ್ತದೆ:
ಫಿಲ್ಟರಿಗೆ ಹೊಕ್ಕು, ನೀಲಿ ದೀಪದಡಿ ಹಾದು,
ಬೇರೆ ಕಾಲಿಗೆ ಅದೇ ನೀರು.
ಕ್ಲೋರಿನ್ ಸುರಿದರೆ ಮೀನು ಸಾಯುತ್ತವೆ,
ಸುರಿಯದಿದ್ದರೆ...
ಗಿರಾಕಿಯೆದುರು ಈ ವಾಕ್ಯ ಮುಗಿಸುವುದಿಲ್ಲ ನಾನು.
ಕ್ಷೌರಿಕ ಕತ್ತರಿಯನ್ನು ಕುದಿಸಿಯಾನು,
ಮೀನಿನ ತುಟಿಯನ್ನು ಹೇಗೆ ಕುದಿಸಲಿ?
ಅದು ಒಬ್ಬಳ ಹಿಮ್ಮಡಿಯಿಂದ ನೇರ
ಇನ್ನೊಬ್ಬನ ಹೆಬ್ಬೆರಳಿಗೆ.

ಹೋದ ಜುಲೈಯಲ್ಲಿ ಸೆಲಾಹತ್ತಿನ್ ಬಂದ,
ಲಾರಿ ಓಡಿಸಿ ನಿವೃತ್ತನಾದವನು.
ಕಾಲಿಳಿಸಿದ. ಕಿರುಚಲಿಲ್ಲ, ನಗಲಿಲ್ಲ,
ಪತ್ರಿಕೆ ಓದುತ್ತ ಕೂತ.
‘ಕಚಗುಳಿ ಇಲ್ಲವೇ?’ ಅಂದೆ.
‘ಶುರು ಮಾಡಿದೆಯಾ ಆಗಲೇ?’ ಅಂದ.

ಸಕ್ಕರೆ. ಆರು ವರ್ಷದಿಂದ ಪಾದಕ್ಕೆ ನಿದ್ದೆ.
ಬೆರಳ ಸಂದಿಯಲ್ಲಿ ಅವನಿಗೇ ತಿಳಿಯದ ಹುಣ್ಣು,
ಅಂಚು ಬಿಳಿಚಿಕೊಂಡು ಅರಳಿ,
ಮೀನುಗಳೆಲ್ಲ ಅಲ್ಲೇ.
ಎರಡೂ ಕೈಯಿಂದ ಆ ಕಾಲನ್ನು ಎತ್ತಿದೆ,
ಬಾವಿಗೆ ಬಿದ್ದ ಮಗುವನ್ನು ಎತ್ತುವ ಹಾಗೆ.
ಒರೆಸಿದೆ. ದುಡ್ಡು ವಾಪಸು ಕೊಟ್ಟು ಆಸ್ಪತ್ರೆಯ ದಾರಿ ಹೇಳಿದೆ.
ಅವನಿಗೆ ಅವಮಾನ: ‘ಮೀನಿಗೂ ಬೇಡವಾಯಿತೇ ನನ್ನ ಕಾಲು?’
ಬೇಕಾಗಿತ್ತು ಅಣ್ಣ, ತುಂಬ ಬೇಕಾಗಿತ್ತು.

ಅಂದಿನಿಂದ ಹಲಗೆಯ ಕೆಳಗೆ ಸೀಮೆಸುಣ್ಣದ ಒಂದು ಸಾಲು:
ಗಾಯ ಇದ್ದವರು, ಸಕ್ಕರೆಯವರು,
ನಿನ್ನೆ ಮೊನ್ನೆ ಕಾಲಿನ ಕೂದಲು ಬೋಳಿಸಿದವರು, ಬೇಡಿ.
ಪಾಲುದಾರ ತಹ್ಸಿನ್ ಒರೆಸುತ್ತಾನೆ.
ನಾನು ಬರೆಯುತ್ತೇನೆ.
ಈ ಬಗ್ಗೆ ನಾವು ಮಾತಾಡುವುದಿಲ್ಲ.

ರಾತ್ರಿ ಬಾಗಿಲೆಳೆದ ಮೇಲೆ ಅಮ್ಮನ ಫೋನು.
‘ಮೀನು ಹೇಗಿವೆ?’ ಅನ್ನುತ್ತಾಳೆ, ನನ್ನನ್ನು ಕೇಳುವ ಮೊದಲೇ.
‘ಹಸಿದಿವೆ’ ಅನ್ನುತ್ತೇನೆ.
‘ಪಾಪ’ ಅನ್ನುತ್ತಾಳೆ.
ಆಮೇಲೆ ಸುಮ್ಮನಿರುತ್ತೇವೆ.
ಒಂಬೈನೂರು ಕಿಲೋಮೀಟರಿನಾಚೆ ಅವಳು
ಮೊಣಕೈ ಕೆರೆದುಕೊಳ್ಳುವ ಸದ್ದು ಕೇಳುತ್ತದೆ.